ಅಣ್ಣನ ಬೆಲ್‌ಬಾಟಂ ಚೀಲವಾದದ್ದು

ಬೋಳಾರದ ಕೇರಂ ಕ್ಲಬ್ಬಿನ ನೋಟಿಸ್ ಬೋರ್ಡಿನ ಮುಂದೆ ನಿಂತಿರುವ, ಸಕಲ ಗುಣಸಂಪನ್ನರೂ ನಿರುದ್ಯೋಗ ಶಿರೋಮಣಿಗಳೂ ಆದ ಗೆಳೆಯರೇ,

ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಅಣ್ಣನ ಬೆಲ್‌ಬಾಟಂ ಪ್ಯಾಂಟು ತೀರಿಕೊಂಡಿತು. ನಮ್ಮಲ್ಲಿ ಬಟ್ಟೆ ಅಷ್ಟು ಸುಲಭದಲ್ಲಿ ಸಾಯುವುದಿಲ್ಲ. ಅಪ್ಪನ ಪಂಚೆ ಮೊದಲು ದಿಂಬಿನ ಕವರಾಗುತ್ತದೆ, ಆಮೇಲೆ ನೆಲ ಒರೆಸುತ್ತದೆ. ಅಣ್ಣನಿಗೆ ಬಿಗಿಯಾದದ್ದೆಲ್ಲ ನನಗೆ ಬರುತ್ತದೆ. ಈ ಪ್ಯಾಂಟೂ ಬರಬೇಕಿತ್ತು, ಊರಿಡೀ ಬೆಲ್‌ಬಾಟಂ ಬಿಟ್ಟ ಮೇಲೆ.

ಅಮ್ಮ ಅದರ ಎರಡೂ ಕಾಲು ಕತ್ತರಿಸಿ, ಮೊಣಕಾಲಿನ ಕಡೆ ಹೊಲಿದು, ಹಿಡಿ ಇಟ್ಟು ಚೀಲ ಮಾಡಿದ್ದರು. ಅಣ್ಣ ಕಾಫಿ ಬಿಟ್ಟು ಎದ್ದ.

"ಎಂತಮ್ಮ ಮಾಡಿದ್ದು ಇದು! ನನ್ನ ಪ್ಯಾಂಟು!"

"ಹಳೆ ಬಟ್ಟೆಯ ಗಂಟಿನಲ್ಲಿ ಇತ್ತು. ನೋಡು ಮಾರಾಯ, ಒಂದೊಂದು ಕಾಲಿನಲ್ಲಿ ಐದು ಕಿಲೋ ಕುಚ್ಚಲಕ್ಕಿ ಹಿಡೀತದೆ."

"ಉಸಿರು ಬಿಗಿ ಹಿಡಿದ್ರೆ ನನಗೆ ಇನ್ನೂ ಆಗ್ತಿತ್ತು!"

"ಆಫೀಸಿನಲ್ಲಿ ಸಂಜೆವರೆಗೆ ಉಸಿರು ಬಿಡುದಿಲ್ವಾ ನೀನು?"

ಅಣ್ಣ ಊಟದ ಬುತ್ತಿಯನ್ನೂ ಬಿಟ್ಟು ಹೋದ. ಅಮ್ಮ ನನ್ನ ಕಡೆ ತಿರುಗಿದರು. "ನೀನು ಹೋಗು ಮಗಾ, ಅಕ್ಕಿ ತಾ. ಎರಡೂ ತಕ್ಕೊಂಡು ಹೋಗು."

ಹೆಗಲಿಗೊಂದು ಕಾಲು ನೇತುಹಾಕಿಕೊಂಡು, ಉರಿಬಿಸಿಲಲ್ಲಿ ಹತ್ತು ಕಿಲೋ ಹೊತ್ತು ಬಂದೆ. ದಾರಿಯಲ್ಲಿ ಸಿಕ್ಕಿದವರೆಲ್ಲ ನಿಲ್ಲಿಸಿ, "ಅಣ್ಣನದ್ದಲ್ವಾ?" ಎಂದು ಗುರುತು ಹಿಡಿದರು. ಇನ್ನು ಪ್ರತಿ ವಾರವೂ ಇದೇ ಮೆರವಣಿಗೆಯಂತೆ. ಸಾಕಾಗಿದೆ.

ಅಣ್ಣ ಈ ಬೋರ್ಡು ಓದುವುದಿಲ್ಲವಾದ್ದರಿಂದ ಹೇಳುತ್ತೇನೆ: ಪ್ಯಾಂಟನ್ನು ಆ ಗಂಟಿಗೆ ಹಾಕಿದವನು ನಾನು. ಮುಂದೆ ಅದನ್ನು ನಾನು ಹಾಕಿಕೊಳ್ಳುವುದು ತಪ್ಪಲಿ ಎಂದು.