ತೋಳಿನ ಮೇಲಿನ ನವಿಲು

“ಈ ನವಿಲು ಕಾಣೂ ಹಂಗ ತೊಗಲು ಬಿಗಿ ಮಾಡ್ರಿ,” ಎಂದು ಸಂತಪುರದ ಅಜ್ಜಿಯೊಬ್ಬರು ಜೋತುಬಿದ್ದ ತೋಳು ಚಾಚಿದರು. ಬೀದರಿನ ಚರ್ಮದ ದವಾಖಾನೆಯಲ್ಲಿ ರೇಡಿಯೊ ತರಂಗದ ಶಾಖ ಕೊಟ್ಟು ಸಡಿಲ ಚರ್ಮ ಬಿಗಿ ಮಾಡುವುದು ನನ್ನ ಕೆಲಸ. ಬೆಳಗಿನಿಂದ ಮುಖಗಳ ಮೇಲೆ ಯಂತ್ರ ಆಡಿಸಿ ಕೈ ಸೋತಿತ್ತು.

ಅಜ್ಜಿ ಮತ್ತು ಅವರ ಅಕ್ಕ ಚಿಕ್ಕವರಿದ್ದಾಗ ಒಂದೇ ದಿನ ಹಾಕಿಸಿಕೊಂಡ ಹಚ್ಚೆ ಅದಂತೆ. ಎಷ್ಟೋ ವರ್ಷಗಳ ಹಿಂದಿನ ಬರಗಾಲದಲ್ಲಿ ಮುಂಬೈಗೆ ದುಡಿಯಲು ಹೋದ ಅಕ್ಕ ಮರಳಲಿಲ್ಲ. ಈ ಬರಕ್ಕೆ ಮಗನ ಜೊತೆ ಇವರೂ ಅಲ್ಲಿಗೇ ಹೊರಟಿದ್ದರು.

“ಸಿಕ್ಕರ ಗುರ್ತು ಹ್ಯಾಂಗ ಹಿಡೀತಾಳ್ರಿ?”

ಹಚ್ಚೆಯ ಮೇಲೆ ಯಂತ್ರ ಹಿಡಿದರೆ ಸುಟ್ಟೀತು ಎಂದೆ. ಹೇಳುತ್ತಲೇ ಎರಡು ಬೆರಳಲ್ಲಿ ಚರ್ಮ ಎಳೆದು ಹಿಡಿದೆ. ಸುಕ್ಕಿನೊಳಗಿನಿಂದ ನವಿಲು ಕತ್ತೆತ್ತಿತು. ಅಜ್ಜಿ ನನ್ನ ಬೆರಳು ಸರಿಸಿ ತಮ್ಮದನ್ನಿಟ್ಟರು. “ಹಿಂಗೇ ತೋರಸ್ತೇನಿ ಬಿಡ್ರಿ.”

ಈಗಲೂ ಯಾರದಾದರೂ ಚರ್ಮ ಎಳೆದು ಹಿಡಿದಾಗ, ಬಿಡಲು ನನ್ನ ಬೆರಳು ಒಂದು ಕ್ಷಣ ತಡೆಯುತ್ತದೆ.