ರುದ್ರೇಶನಿಗೊಂದು ಸರ್ವನಾಮ

ಎಂಟು ತಿಂಗಳ ಕಾಲ ನಾನು ಒಬ್ಬ ಮನುಷ್ಯನ ಜೊತೆ 'ನೀನು', 'ನೀವು' ಎರಡನ್ನೂ ಬಳಸದೆ ಮಾತಾಡಿದ್ದೇನೆ. ಇದು ಕೊಚ್ಚಿಕೊಳ್ಳುವ ವಿಷಯವಲ್ಲ, ಪಟ್ಟ ಪಾಡು.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ರುದ್ರೇಶನೂ ನಾನೂ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಗುಮಾಸ್ತರು. ಅವನು ಆಫೀಸಿನಲ್ಲಿ, ನಾನು ಲೈಬ್ರರಿಯಲ್ಲಿ. ಭದ್ರಾವತಿಯಿಂದ ದಿನಾ ಒಂದೇ ಬಸ್ಸು, ಒಂದೇ ಸೀಟು. ಹದಿನೈದು ವರ್ಷ ಒಬ್ಬರನ್ನೊಬ್ಬರು ಬೈದುಕೊಂಡೇ ತುಂಗೆಯ ಸೇತುವೆ ದಾಟಿದವರು. ಆ ವರ್ಷ ಅವನು ಪರೀಕ್ಷೆ ಪಾಸು ಮಾಡಿ ಸೂಪರಿಂಟೆಂಡೆಂಟ್ ಆಗಿಬಿಟ್ಟ. ಜವಾನರ ಮುಂದೆ ಅವನನ್ನು 'ಲೋ' ಎನ್ನುವುದು ಹೇಗೆ? ಬಸ್ಸಿನಲ್ಲಿ 'ನೀವು' ಎನ್ನಹೋದರೆ ನನಗೇ ನಗು. ಸೇತುವೆಯ ಎಷ್ಟನೇ ಕಂಬದ ಹತ್ತಿರ ನೀನು ನೀವಾಗಬೇಕು? ಗೊತ್ತಾಗದೆ, ಕಾಫಿ ಆಯ್ತಾ, ಫೈಲು ಬಂತಾ, ಹೊರಡೋದಾ ಎಂದು ನುಣುಚಿಕೊಳ್ಳತೊಡಗಿದೆ.

ಆಗಲೇ, ಬೈಂಡಿಂಗಿಗೆ ಹೋಗಬೇಕಿದ್ದ ಪುಸ್ತಕಗಳ ರಾಶಿಯಲ್ಲಿ ಪಪುವಾ ನ್ಯೂಗಿನಿ ಕಡೆಯ ಪುಟ್ಟ ಭಾಷೆಯೊಂದರ ವ್ಯಾಕರಣ ಸಿಕ್ಕಿತು. ಇಡೀ ಭಾಷೆಗೆ ಹತ್ತು ಹನ್ನೆರಡು ಸದ್ದುಗಳಂತೆ. ನಮ್ಮ ಅಕ್ಷರಮಾಲೆಯಲ್ಲಿ ಅರ್ಧ ದಾರಿಗೇ ಸುಸ್ತಾಗುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ಅದರಲ್ಲೊಂದು ಸದ್ದು, 'ರ'ವೂ ಅಲ್ಲ 'ಡ'ವೂ ಅಲ್ಲ. ಬಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದರೆ ಹಿಂದಿನ ಸೀಟಿನ ಹೆಂಗಸು ಮರುಕಪಟ್ಟು ಶುಂಠಿ ಪೆಪ್ಪರಮೆಂಟು ಕೊಟ್ಟರು. ಸರ್ವನಾಮಗಳಿಗೆ ಬಂದರೆ, ಎದುರಿಗಿರುವವನು ಊರಗೌಡನಾಗಲಿ, ತಮ್ಮನಾಗಲಿ, ಒಂದೇ ಪದ. ಆದರೆ 'ನಾವಿಬ್ಬರು' ಎನ್ನಲು ಬೇರೆ ಪದ, 'ನಾವೆಲ್ಲ' ಎನ್ನಲು ಬೇರೆ! ಮರ್ಯಾದೆಗೆ ಪದ ಇಡದ ಜನ ಇಬ್ಬರಿಗಾಗಿಯೇ ಒಂದು ಪದ ಇಟ್ಟುಕೊಂಡಿದ್ದಾರಲ್ಲ ಎಂದು ನನ್ನ ತಲೆ ಇನ್ನಷ್ಟು ಕೆಟ್ಟಿತು. ನನಗೆ ಸೂಪರಿಂಟೆಂಡೆಂಟರ ಭಯವಿರಲಿಲ್ಲ. ರುದ್ರೇಶನನ್ನು ಕಳೆದುಕೊಳ್ಳುವ ಭಯವಿತ್ತು.

ಒಂದು ಸಂಜೆ ಅವನು ನನ್ನ ಪಕ್ಕ ಬಿಟ್ಟು ಮುಂದಿನ ಸೀಟಿಗೆ ಹೋಗಿ ಕೂತ. ಭದ್ರಾವತಿಯಲ್ಲಿ ಇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತಿದ್ದ.

"ಎಂಟ್ ತಿಂಗ್ಳಿಂದ ಒಂದ್ ಸಲಾನೂ ಬೈದಿಲ್ಲ ಮಾರಾಯ. ನನ್ ಮೇಲೆ ಏನಾದ್ರೂ ಸಿಟ್ಟಾ?"

ಪಾಪ, ಅವನೂ ನನ್ನ ಹಾಗೇ ನುಣುಚಿಕೊಂಡು ಮಾತಾಡುತ್ತಿದ್ದ. ಕಣ್ಣು ತುಂಬಿತು. ಉದ್ದುದ್ದ ಹೇಳಬೇಕೆಂದುಕೊಂಡದ್ದನ್ನೆಲ್ಲ ಬಿಟ್ಟು, 'ಸುಮ್ಮನೆ ನಡಿಯೋ' ಎಂದಷ್ಟೇ ಅಂದೆ.

ಮರುದಿನ ಫೈಲು ಹಿಡಿದು ಅವನ ಮೇಜಿನ ಮುಂದೆ ನಿಂತಾಗ ಮತ್ತೆ ಅದೇ ಗೊಂದಲ. ಪಕ್ಕದಲ್ಲಿ ಜವಾನ ನಿಂತಿದ್ದ. 'ಈ ಫೈಲು...' ಎಂದು ಮತ್ತೆ ನುಣುಚಿಕೊಂಡೆ. ರುದ್ರೇಶ ತಲೆ ಎತ್ತದೆ ಕೈ ಚಾಚಿದ.

"ಬೈದೇ ಕೊಡು ಮಾರಾಯ."