ಬಿಸಿ ರೊಟ್ಟಿ ಬಿಟ್ಟ ಬೆಳಗು

ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಸ್ಕೂಟರ್ ಕಲಿಯುವ ಹುಚ್ಚು ಹಿಡಿಯಿತು. ನಾವಿದ್ದ ಹೊರರಾಜ್ಯದ ಬಡಾವಣೆ ಕೊಂಡಾಪುರದಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ಅಪಾರ್ಟ್‌ಮೆಂಟಿನ ಹುಡುಗಿಯರು ಹೆಗಲಿಗೆ ಕಂಪ್ಯೂಟರ್ ಬ್ಯಾಗು ಏರಿಸಿ ಭರ್ರನೆ ಹೋಗುತ್ತಿದ್ದರೆ, ನಾನು ಕೊತ್ತಂಬರಿ ತರುವುದಕ್ಕೂ ಆಟೋದವನ ಜತೆ ಹಿಂದಿಯಲ್ಲಿ ಜಗಳವಾಡಬೇಕಿತ್ತು. ಈ ಜನ್ಮದಲ್ಲಿ ಒಮ್ಮೆಯಾದರೂ ಯಾರನ್ನೂ ಕಾಯದೆ ಮನೆಯಿಂದ ಹೊರಬೀಳಬೇಕು ಎನ್ನಿಸಿಬಿಟ್ಟಿತ್ತು.

ಕಲಿಸಲು ಪಕ್ಕದ ಮನೆಯ ಮೈಸೂರಿನ ಹುಡುಗಿ ಒಪ್ಪಿದಳು. ಆದರೆ ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ. ಆಮೇಲೆ ಕಂಪನಿಗಳ ಕ್ಯಾಬುಗಳು ರಸ್ತೆಗಿಳಿದರೆ ಕಾಲಿಡಲೂ ಜಾಗವಿರುತ್ತಿರಲಿಲ್ಲ. ನನ್ನ ರೊಟ್ಟಿಯ ಹೊತ್ತೂ ಅದೇ! ನನ್ನ ಗಂಡ ಏಳೂವರೆಗೆ ಪಟಾನ್‌ಚೆರುವಿನ ಕಾರ್ಖಾನೆಯ ಬಸ್ಸು ಹತ್ತಬೇಕು. ಬೀದರ್ ಕಡೆಯ ಮನೆತನ ನಮ್ಮದು. ಮದುವೆಯಾದ ಇಪ್ಪತ್ತೆರಡು ವರ್ಷದಿಂದ ದಿನವೂ ಬೆಳಿಗ್ಗೆ ಬಿಸಿ ಜೋಳದ ರೊಟ್ಟಿ ತಟ್ಟಿದ್ದೆ, ಜ್ವರ ಬಂದಾಗಲೂ ತಟ್ಟಿದ್ದೆ. ನಮ್ಮ ಜತೆಗೇ ಇದ್ದ ಅತ್ತೆ ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ತಿಂದು ಕೈ ತೊಳೆದರೆ ಅಲ್ಲಿಗೆ ಮುಗಿಯಿತು.

ಕೊನೆಗೆ ಒಂದು ಭಾನುವಾರ ಕೂತು ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಮಾಡಿದೆ. ತೆಳ್ಳಗೆ ತಟ್ಟಿ, ಬೇಯಿಸಿ, ಗರಿಗರಿಯಾಗಿ ಒಣಗಿಸಿ ಡಬ್ಬಿಗೆ ತುಂಬಿದೆ. ಊರಿನಲ್ಲಿ ತಿಂಗಳುಗಟ್ಟಲೆ ಇಡುವ ರೊಟ್ಟಿಯೇ ಅದು. ತೊಂದರೆ ಒಂದೇ, ಅತ್ತೆಗೆ ಹಲ್ಲಿರಲಿಲ್ಲ. ಅದಕ್ಕೂ ಉಪಾಯ ಹೂಡಿದೆ: ನೀರು ಚಿಮುಕಿಸಿ, ಬೆಚ್ಚಗೆ ಮಾಡಿ, ಈಗಷ್ಟೇ ತಟ್ಟಿದ್ದು ಎಂದು ಬಡಿಸುವುದು.

ಸೋಮವಾರ ಕಳ್ಳಿಯ ಹಾಗೆ ಹೊರಬಿದ್ದೆ. ಮೊಣಕಾಲು ತರಚಿಕೊಂಡು ಏಳಕ್ಕೆ ಬಂದು, ಉಪಾಯದ ಪ್ರಕಾರ ಬಡಿಸಿದೆ. ಅತ್ತೆ ರೊಟ್ಟಿ ಮುಟ್ಟಿ ನೋಡಿದರು.

"ಬಡಿಯೋ ಸಪ್ಪಳನ ಕೇಳಲಿಲ್ಲ. ರೊಟ್ಟಿ ಎಲ್ಲಿಂದ ಬಂತು?"

ನಾಲ್ಕು ಮನೆಗೆ ಕೇಳುವ ಆ ಸದ್ದನ್ನೇ ನಾನು ಮರೆತಿದ್ದೆ. ಸಿಕ್ಕಿಬಿದ್ದ ಅವಮಾನಕ್ಕೆ ನನಗೇ ಸಿಟ್ಟು ಬಂತು. "ಗಾಡಿ ಕಲಿಯಾಕತ್ತೀನ್ರಿ ಅತ್ತಿ. ಬಿಸಿ ರೊಟ್ಟಿನ ಬೇಕಂದ್ರ ಅದನ್ನ ಬಿಡಬೇಕಾಗತೈತಿ," ಎಂದುಬಿಟ್ಟೆ. ಗಂಡ ಪೇಪರಿನೊಳಗೆ ಮುಖ ಹುದುಗಿಸಿದರು.

ಅತ್ತೆ ಎದ್ದು ಹೋಗಿ ಡಬ್ಬಿಯಿಂದ ಖಡಕ್ ರೊಟ್ಟಿ ತಂದರು. ಲಟಲಟನೆ ಮುರಿದು ಬೇಳೆ ಸಾರಿನಲ್ಲಿ ನೆನೆಹಾಕಿದರು.

"ಹಲ್ಲಿಲ್ಲ ಖರೆ, ಬ್ಯಾಳಿ ಐತಲ್ಲ. ನೀರ ಚಿಮುಕಿಸಿ ನನ್ನ ಮಂಗ್ಯಾ ಮಾಡಬ್ಯಾಡ. ಹೋಗು, ಮೊಣಕಾಲಿಗೆ ಅರಿಶಿಣ ಹಚ್ಚಕೋ."

ಆಮೇಲೆ ನನಗೆ ಧೈರ್ಯ ಬಂತು. ದಿಂಬಿನ ಕವರಿಗೆ ಇಸ್ತ್ರಿ ಮಾಡುವುದು ಬಿಟ್ಟೆ. ಬೆಳಿಗ್ಗೆ ಎರಡು ಪಲ್ಯದ ಬದಲು ಒಂದೇ ಮಾಡಿದೆ. ಮನೆಯೇನೂ ಬಿದ್ದುಹೋಗಲಿಲ್ಲ. ಇಷ್ಟು ವರ್ಷ ಇದನ್ನೆಲ್ಲ ನನ್ನಿಂದ ಯಾರು ಮಾಡಿಸುತ್ತಿದ್ದರು ಎಂದು ಯೋಚಿಸಿದರೆ, ಹೆಚ್ಚುಪಾಲು ನಾನೇ.

ಎರಡು ತಿಂಗಳಿಗೆ ಲೈಸೆನ್ಸ್ ಬಂತು, ಹಳೆಯದೊಂದು ಸ್ಕೂಟರೂ ಬಂತು. ಹಿಂದೆ ಕೂರಿ ಎಂದರೆ, "ಇನ್ನೊಂದ ವಾರ ಹೋಗಲಿ," ಎಂದು ಗಂಡ ಜಾಣತನದಿಂದ ಜಾರಿಕೊಂಡರು. ಸೆರಗು ಬಿಗಿದು ಮೊದಲು ಹಿಂದೆ ಹತ್ತಿ ಕೂತವರು ಎಪ್ಪತ್ತು ದಾಟಿದ ಅತ್ತೆ.

"ಎಲ್ಲಿಗ್ರಿ ಅತ್ತಿ?"

"ಬಿಸಿ ರೊಟ್ಟಿ ತಿನ್ನಾಕ."

ಆಫೀಸುಗಳ ಹತ್ತಿರ ಸಂಜೆ ರಸ್ತೆ ಪಕ್ಕ ಒಲೆ ಹೂಡಿ, ಸಾಫ್ಟ್‌ವೇರ್ ಹುಡುಗರಿಗೆ ಜೋಳದ ರೊಟ್ಟಿ ಮಾಡಿಕೊಡುವ ಹೆಂಗಸೊಬ್ಬಳಿದ್ದಳು. ಅತ್ತೆ ದಾರಿಯುದ್ದಕ್ಕೂ ನನ್ನ ಸೊಂಟ ಗಟ್ಟಿಯಾಗಿ ಹಿಡಿದಿದ್ದರು. ಅಲ್ಲಿ ಸ್ಟೂಲಿನ ಮೇಲೆ ಕೂತು, ಬದನೆಕಾಯಿ ಎಣ್ಣೆಗಾಯಿ ಜತೆ ಒಂದು ರೊಟ್ಟಿ ಪೂರ್ತಿ ತಿಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಿನ್ನ ಕೈಯಾಗಿನ ರೊಟ್ಟಿ ಇದಕ್ಕಿಂತ ಭಾಳ ಛಲೋ ಇರತಿದ್ವು ನೋಡವ್ವ."

ಇಪ್ಪತ್ತೆರಡು ವರ್ಷ ಕಾದಿದ್ದ ಮಾತು. ನನ್ನ ಕಣ್ಣು ತುಂಬಿಬಂತು. "ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ರೊಟ್ಟಿ ಬಡಿಯೋದು ಬಿಡತಿದ್ದೇನು?"

ನಾನು ಇನ್ನೊಂದು ರೊಟ್ಟಿ ಹೇಳಿದೆ, ಇಬ್ಬರೂ ಅರ್ಧರ್ಧ ತಿಂದೆವು.